ಕದ್ದ ಕೊಂಬೆಯ ಗಂಧರಾಜ

ಮುನಿರತ್ನಮ್ಮ ತಪ್ಪು ಒಪ್ಪಿಕೊಳ್ಳುವ ಹೆಂಗಸಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಉಪ್ಪು ಮಾರಿದವನ ತಪ್ಪು, ಬಸ್ಸು ತಪ್ಪಿದರೆ ಬಸ್ಸಿನ ತಪ್ಪು. ಮಗ್ಗದ ಮೇಲೆ ಹಾಸುನೂಲು ಹರಿದರೆ ಗಂಡ ಪಿಳ್ಳಪ್ಪನದು, ಒಣಗಹಾಕಿದ ಹಪ್ಪಳ ಮಳೆಗೆ ನೆನೆದರೆ ಸೊಸೆ ವಾಣಿಯದು, ಯಾರೂ ಸಿಗದಿದ್ದರೆ ಕಣ್ಣು ಹಾಕಿದ ಬೀದಿಯದು. ಮೊಮ್ಮಕ್ಕಳನ್ನು ಎತ್ತುವ ವಯಸ್ಸಿಗೆ ಬಂದರೂ 'ನಾನು ಕೆಡಿಸಿದೆ' ಎಂಬ ಮಾತು ಅವಳ ಬಾಯಿಂದ ಬಿದ್ದದ್ದನ್ನು ಕೇಳಿದವರಿಲ್ಲ. ಜೊತೆಗೆ ಕೈಬಿಗಿ. ತನ್ನದನ್ನು ಕೊಡಳು, ಇನ್ನೊಬ್ಬರದನ್ನು ಕೇಳಳು. ಇಂಥವರನ್ನು ಸ್ವಾಭಿಮಾನಿ ಎಂದು ಹೊಗಳುವ ಕೆಟ್ಟ ಅಭ್ಯಾಸ ನಮ್ಮ ಜನಕ್ಕಿದೆ. ಒಂದೇ ಸೂರಿನಡಿ ಬದುಕುವವರನ್ನು ಕೇಳಿದರೆ ಸರಿಯಾದ ಪದ ಸಿಗುತ್ತದೆ.

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಅವಳ ಮನೆ. ಮುಂದೆ ವಾಸ, ಹಿಂದೆ ಪಿಳ್ಳಪ್ಪನ ಮಗ್ಗಗಳು, ಅದಕ್ಕೂ ಹಿಂದೆ ಕಚ್ಚಾ ರೇಷ್ಮೆ ಕುದಿಸುವ ಒಲೆ. ಒಲೆಗೂ ಕಾಂಪೌಂಡಿಗೂ ನಡುವೆ ಒಂದು ತುಂಡು ಮಣ್ಣು. ಆ ಮಣ್ಣಿನಲ್ಲಿ ಗಂಧರಾಜದ ಗಿಡವಿತ್ತು. ಮಲ್ಲಿಗೆ, ಕಾಕಡ, ಕನಕಾಂಬರ ಬೀದಿಗೆ ಬುಟ್ಟಿಯಲ್ಲಿ ಬರುತ್ತವೆ, ಮಾರು ಹಾಕಿಸಿಕೊಂಡು ಮುಡಿಯಬಹುದು. ಗಂಧರಾಜ ಬುಟ್ಟಿಯಲ್ಲಿ ಬರುವುದಿಲ್ಲ. ಬೆರಳು ತಾಗಿದರೆ ಎಸಳು ಕಂದುತ್ತದೆ, ಬೆಳಿಗ್ಗೆ ಹಾಲಿನಂತಿದ್ದದ್ದು ಮರುದಿನಕ್ಕೆ ಬೆಣ್ಣೆಯಾಗುತ್ತದೆ. ಇದ್ದರೆ ಮನೆಯಲ್ಲೇ ಇರಬೇಕು. ಇದ್ದದ್ದು ಬೀದಿಗೆಲ್ಲ ಇವಳೊಬ್ಬಳ ಮನೆಯಲ್ಲಿ. ಒಂದು ಹೂ ಬಿರಿದರೆ ಮಗ್ಗದ ಎಣ್ಣೆಯ ನಾತವನ್ನೂ ಮೀರಿ ಅದರ ವಾಸನೆ ಚರಂಡಿ ದಾಟುತ್ತಿತ್ತು.

ರಾಜಘಟ್ಟದ ಅಕ್ಕನ ಹಿತ್ತಲಿಂದ ತಂದ ಕೊಂಬೆ ಅದು. ಅಕ್ಕ ತೀರಿಕೊಂಡಳು, ಹಿತ್ತಲ ಮೇಲೆ ಗೋದಾಮು ಎದ್ದಿತು. ಒತ್ತೊತ್ತಾಗಿ ಎಸಳು ಕಟ್ಟುವ ಆ ಜಾತಿಯನ್ನು ಮುನಿರತ್ನಮ್ಮ ಬೇರೆಲ್ಲೂ ಕಂಡಿರಲಿಲ್ಲ. ಬಿಟ್ಟ ಹೂವಿನಲ್ಲಿ ಒಂದು ಮಗ್ಗದ ಮೇಲಿನ ದೇವರ ಪಟಕ್ಕೆ, ಉಳಿದವು ಅವಳ ತುರುಬಿಗೆ. ಸೊಸೆಗೂ ಕೇಳದೆ ಸಿಗುತ್ತಿರಲಿಲ್ಲ, ಕೇಳಿದರೆ ಬಾಡಿದ್ದು ಸಿಗುತ್ತಿತ್ತು. ಕೊಂಬೆ ಕೇಳಿ ಬಂದ ಹೆಂಗಸರಿಗೆಲ್ಲ ಒಂದೇ ಉತ್ತರ: "ಕೊಂಬೆ ಕೊಟ್ರೆ ತಾಯಿಗಿಡದ ವಾಸ್ನೆ ಹೋಯ್ತದೆ."

ಪಕ್ಕದ ಮನೆಯ ಭಾಗ್ಯಮ್ಮ ಕೇಳಲು ಹೋಗಲಿಲ್ಲ. ಕೊಟ್ಟ ಕೊಂಬೆ ಕೊರಗುತ್ತದೆ, ಕದ್ದ ಕೊಂಬೆ ಚಿಗುರುತ್ತದೆ ಎಂಬ ನಂಬಿಕೆ ಈ ಕಡೆಯ ಹೆಂಗಸರಲ್ಲಿ ಗಟ್ಟಿಯಾಗಿದೆ. ಒಂದು ಮಳೆಗಾಲದಲ್ಲಿ ಅವಳು ಮೊಸರಿಗೆ ಹೆಪ್ಪು ಬೇಕೆಂದು ಬಂದು, ಹೆಪ್ಪಿನ ಲೋಟ ಒಂದು ಕೈಯಲ್ಲಿ, ಗೇಣುದ್ದದ ಕೊಂಬೆ ಸೆರಗಿನಡಿಯಲ್ಲಿ ಹಿಡಿದುಕೊಂಡು ಹೋದಳು. ಮುಂದಿನ ವರ್ಷ ಅವಳ ಅಂಗಳದ ಕುಂಡದಲ್ಲಿ ಕಡುಹಸಿರು ಎಲೆ ಮಿನುಗಿದಾಗ ಮುನಿರತ್ನಮ್ಮ ಬೀದಿಗಿಳಿದಳು.

"ಲೇ ಭಾಗ್ಯ, ನಿನ್ ಕೈ ಸೇದೋಗ! ಎಲ್ಲಿಂದ ಬಂತೇ ಅದು?"

"ಗಾಳಿಗೆ ಬಂದ್ ಬಿತ್ತು ಕಣಕ್ಕ."

"ಗಾಳಿಗೆ ಬೀಜ ಬರ್ತದೆ, ಕೊಂಬೆ ಬರ್ತದೇನೇ ಕಳ್ಳಿ?"

"ಹಂಗಾರೆ ಜೋರು ಗಾಳಿ ಇರ್ಬೇಕು," ಎಂದಳು ಭಾಗ್ಯಮ್ಮ. ಬೀದಿ ನಕ್ಕಿತು. ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತು.

ಆ ಬೇಸಿಗೆಯಲ್ಲೇ ಮುನಿರತ್ನಮ್ಮನ ಗಿಡ ಹಳದಿಗೆ ತಿರುಗಿತು. ಎಲೆಯ ನರ ಹಸಿರು, ಉಳಿದದ್ದೆಲ್ಲ ಕಾಮಾಲೆ ಹಿಡಿದಂತೆ. ಮೊಗ್ಗು ಕಟ್ಟುವುದು, ಉಬ್ಬುವುದು, ತುದಿಯಲ್ಲಿ ಬಿಳಿ ಕಾಣುವುದು, ಬೆಳಿಗ್ಗೆ ಎದ್ದು ನೋಡಿದರೆ ಬುಡದಲ್ಲಿ ಬಿದ್ದಿರುವುದು. ಎರಡು ಸಲವಲ್ಲ, ಮೂರು ಸಲವಲ್ಲ, ಮೊಗ್ಗು ಕಟ್ಟಿದಾಗಲೆಲ್ಲ ಇದೇ ಕಥೆ. ಬಾಯಿಯವರೆಗೆ ಬಂದ ತುತ್ತು ಜಾರಿದಂತೆ ಅವಳಿಗೆ ಮೈ ಉರಿಯುತ್ತಿತ್ತು. ಕಳ್ಳಿಯ ಕಣ್ಣೆಂದು ತೀರ್ಮಾನವಾಯಿತು. ಗಿಡಕ್ಕೆ ಹಳೇ ಚಪ್ಪಲಿ ಕಟ್ಟಿದಳು, ಮೆಣಸಿನಕಾಯಿ ಸುಟ್ಟಳು, ಒಲೆಯ ಬೂದಿಯನ್ನು ಮೊರದಲ್ಲಿ ತಂದು ಬುಡಕ್ಕೆ ಸುರಿದಳು.

ಮುಖ್ಯ ಔಷಧಿ ಬೇರೆ ಇತ್ತು. ಕಚ್ಚಾ ರೇಷ್ಮೆಯನ್ನು ಸೋಪು, ವಾಷಿಂಗ್ ಸೋಡಾ ಹಾಕಿ ಕುದಿಸಿದರೆ ನೂಲಿನ ಅಂಟು ಬಿಟ್ಟು ಹೊಳಪು ಬರುತ್ತದೆ. ಉಳಿಯುವ ಮಬ್ಬು ನೀರನ್ನು ಎಲ್ಲರೂ ಚರಂಡಿಗೆ ಚೆಲ್ಲುತ್ತಾರೆ. ಮುನಿರತ್ನಮ್ಮನ ಅತ್ತೆ ಸಪ್ಪಲಮ್ಮ ಬದುಕಿದ್ದಾಗ, ಹುಳದ ಸತ್ವವೆಲ್ಲ ಆ ನೀರಲ್ಲಿದೆ, ಚೆಲ್ಲುವುದು ಪಾಪ ಎನ್ನುತ್ತಿದ್ದಳು. ಅತ್ತೆಯ ಬೇರಾವ ಮಾತನ್ನೂ ಪಾಲಿಸದವಳು ಇದೊಂದನ್ನು ಆ ಬೇಸಿಗೆಗೆ ಮುಂಚೆಯೇ ಹಿಡಿದುಕೊಂಡಿದ್ದಳು. ನಲ್ಲಿ ನೀರು ಯಾವಾಗಲೋ ಬರುವ ಬೀದಿಯಲ್ಲಿ ಬಿಟ್ಟಿ ನೀರು, ಮೇಲೆ ಸತ್ವ. ಆರಿದ ಮೇಲೆ ಬಕೆಟ್ಟಿನಲ್ಲಿ ತಂದು, ಯಾರೂ ಇಲ್ಲದ ಹೊತ್ತು ನೋಡಿ, ಬುಡಕ್ಕೆ ಹಾಕುತ್ತಿದ್ದಳು. ಎಲೆ ಹಳದಿಯಾದಷ್ಟೂ ಬಕೆಟ್ಟು ಹೆಚ್ಚಾಯಿತು, ಬಕೆಟ್ಟು ಹೆಚ್ಚಾದಷ್ಟೂ ಎಲೆ ಹಳದಿಯಾಯಿತು.

ವಾಣಿ ಒಮ್ಮೆ ಧೈರ್ಯ ಮಾಡಿದಳು. "ಅತ್ತೆ, ಈ ಗಿಡಕ್ಕೆ ಮಣ್ಣು ಹುಳಿ ಇರ್ಬೇಕಂತೆ. ಸೋಪು, ಸೋಡಾ, ಬೂದಿ ಯಾವ್ದೂ ಆಗಲ್ವಂತೆ."

"ಯಾರಂತೆ?"

"ಮೊಬೈಲ್‌ನಲ್ಲಿ ಒಬ್ರು ತೋರ್ಸಿದ್ರು."

"ನಿನ್ ಮೊಬೈಲು ಎಷ್ಟ್ ಗಿಡ ನೆಟ್ಟದೆ?"

ಮಗ್ಗ ನಿಲ್ಲಿಸಿ ನೀರು ಕುಡಿಯಲು ಬಂದಿದ್ದ ಪಿಳ್ಳಪ್ಪ, "ಕೈ ಇಟ್ರೆ ಚರ್ಮ ಬಿರಿಯೋ ನೀರು ಅದು. ಬೇರಿಗೆ ಹೆಂಗಾದೀತು?" ಎಂದು ಮೆಲ್ಲಗೆ ಅಂದ.

"ನೀವು ಮಗ್ಗ ನೋಡ್ಕೊಳ್ಳಿ. ಅದೇ ಸರ್ಯಾಗಿ ಓಡ್ತಿಲ್ಲ."

ವಾಣಿ ಅತ್ತೆಯ ಕಣ್ಣು ತಪ್ಪಿಸಿ ಒಂದು ಚೊಂಬು ಹುಳಿಮಜ್ಜಿಗೆಗೆ ನೀರು ಬೆರೆಸಿ ಹಾಕಿದಳು. ಮಾರನೆಯ ದಿನ ಮೊಗ್ಗು ಉದುರಿತು. ಅದು ಹೇಗೂ ಉದುರುವುದರಲ್ಲಿತ್ತು. ಬುಡದಲ್ಲಿ ಮಜ್ಜಿಗೆಯ ಕಲೆ ಕಂಡು ಮುನಿರತ್ನಮ್ಮ ಮನೆ ಮೇಲೆ ಕೆಳಗೆ ಮಾಡಿದಳು. ವಾಣಿ ಆ ಗಿಡದ ಹತ್ತಿರ ಮತ್ತೆ ಸುಳಿಯಲಿಲ್ಲ.

ಮುಂಗಾರಿಗೆ ಮುಂಚೆ ಗಿಡ ಒಣಗಿತು. ಮುನಿರತ್ನಮ್ಮ ತಾನೇ ಗುದ್ದಲಿ ಹಿಡಿದು ಕಿತ್ತಳು. ಮಣ್ಣಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಪೊರೆ. ಅಡಿಯಲ್ಲಿ ಬೇರು ಕಂದಾಗಿ, ಲೋಳೆಯಾಗಿ, ಎಳೆದರೆ ಸಿಪ್ಪೆ ಸುಲಿದು ಬರುತ್ತಿತ್ತು. ಮೂಗಿಗೆ ಹಿಡಿದಳು: ಒಲೆಯ ಹಂಡೆಯದೇ ವಾಸನೆ. ಅವಳು ದಡ್ಡಿಯಲ್ಲ. ಆ ಗಳಿಗೆಯಲ್ಲೇ ಅವಳಿಗೆ ಎಲ್ಲ ತಿಳಿಯಿತು. ಬೇರನ್ನು ಒಲೆಗೆ ಹಾಕಿ, ಕೈ ತೊಳೆದು, ಬೀದಿಗೆ ಕೇಳುವಂತೆ, "ಕಳ್ಳಿ ಕಣ್ಣು ಗಿಡಾನೇ ತಿಂದ್ಬಿಡ್ತು" ಎಂದಳು.

ಅದಾದ ಮೇಲೆ ದೇವನಹಳ್ಳಿ ರಸ್ತೆಯ ನರ್ಸರಿಯಿಂದ ಗಂಧರಾಜವೆಂದು ಒಂದು ತಂದಳು. ಅದು ಒಂಟಿ ಸುತ್ತಿನ ಎಸಳಿನದು, ವಾಸನೆ ಇದೆಯೋ ಇಲ್ಲವೋ ಎಂದು ಮೂಗೊಡ್ಡಿ ಹುಡುಕಬೇಕು. ಕಂಡಾಗಲೆಲ್ಲ ಸಿಟ್ಟು ಬರುತ್ತಿತ್ತು. ಅಕ್ಕನ ಗಿಡದ ಕುಡಿ ಈಗ ಲೋಕದಲ್ಲಿ ಉಳಿದಿದ್ದರೆ ಒಂದೇ ಕಡೆ, ಗೋಡೆಯಾಚೆ, ಕಳ್ಳಿಯ ಕುಂಡದಲ್ಲಿ. ಈ ಯೋಚನೆ ಅವಳಿಗೆ ಊಟದಲ್ಲಿ ಕಲ್ಲು ಸಿಕ್ಕಂತೆ ಸಿಗುತ್ತಲೇ ಇತ್ತು.

"ಹೋಗಿ ಒಂದ್ ಕೊಂಬೆ ಕೇಳು," ಎಂದ ಪಿಳ್ಳಪ್ಪ.

"ಆ ಕಳ್ಳಿ ಮುಂದೆ ಕೈ ಒಡ್ಲಾ?"

"ಹಂಗಾರೆ ಕದಿ. ನಿನ್ದೇ ಅಲ್ವಾ!"

ಅವನು ತಮಾಷೆಗೆ ಅಂದದ್ದು. ಅವಳು ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಂಡವಳೇ ಅಲ್ಲ.

ಒಂದು ಮಧ್ಯಾಹ್ನ, ಸಣ್ಣ ಮಳೆ ಬಿಟ್ಟ ಹೊತ್ತು, ಭಾಗ್ಯಮ್ಮ ಸಂಘದ ಮೀಟಿಂಗಿಗೆ ಹೋದಳೆಂದು ಖಾತ್ರಿ ಮಾಡಿಕೊಂಡು, ನೂಲು ಕತ್ತರಿಸುವ ಬ್ಲೇಡನ್ನು ಸೆರಗಿನ ಗಂಟಿನಲ್ಲಿ ಸಿಕ್ಕಿಸಿಕೊಂಡು ಪಕ್ಕದ ಗೇಟು ತೆರೆದಳು. ಸುತ್ತೆಲ್ಲ ಮಗ್ಗಗಳ ಸದ್ದು. ಗೇಟು ಕಿರುಗುಟ್ಟಿದ್ದು ಅವಳಿಗೇ ಕೇಳಿಸಲಿಲ್ಲ. ಕುಂಡದ ಮುಂದೆ ಬಗ್ಗಿ ಕೊಂಬೆಗೆ ಕೈ ಹಾಕಿದವಳು ಹಾಗೆಯೇ ನಿಂತಳು. ಮೇಲಿನ ಎಲೆಗಳು ಚೆನ್ನಾಗಿದ್ದವು. ಕೆಳಗಿನ ನಾಲ್ಕಾರು ಎಲೆಗಳಲ್ಲಿ ನರ ಹಸಿರಾಗಿತ್ತು, ಉಳಿದದ್ದು ಹಳದಿಯಾಗಿತ್ತು.

"ಬಾರಕ್ಕ. ಬ್ಲೇಡ್ ತಂದಿದೀಯಾ, ಇಲ್ಲ ನಾನೇ ಕೊಡ್ಲಾ?"

ಭಾಗ್ಯಮ್ಮ ಹಿಂದೆಯೇ ನಿಂತಿದ್ದಳು. ಮೀಟಿಂಗು ಬೇಗ ಮುಗಿದಿತ್ತು. ಕೈಯಲ್ಲಿ ಒಂದು ಬಕೆಟ್ಟು.

"ಹೆಪ್ಪಿಗೆ ಬಂದೆ," ಎಂದಳು ಮುನಿರತ್ನಮ್ಮ.

"ಹೆಪ್ಪನ್ನ ಬ್ಲೇಡಲ್ಲಿ ಕುಯ್ಕೊಂಡ್ ಹೋಗ್ತೀಯಾ?" ಭಾಗ್ಯಮ್ಮ ನಕ್ಕಳು, ನಗುವಿನಲ್ಲಿ ವಿಷವಿರಲಿಲ್ಲ, ಗೆಲುವಿತ್ತು. "ಸರಿ, ನಾನ್ ಗಿಡಕ್ಕೆ ನೀರ್ ಹಾಕಿ ಒಳಗ್ ಹೋಗ್ತೀನಿ. ಆಮೇಲ್ ಇಲ್ಲೇನ್ ನಡೀತೋ ನಂಗೊತ್ತಿಲ್ಲ."

ಬಕೆಟ್ಟು ಕುಂಡದ ಮೇಲಕ್ಕೆ ಬಂತು. ಒಳಗೆ ಮಬ್ಬು ನೀರು, ಅಂಚಿನಲ್ಲಿ ನೊರೆ.

"ಏನದು?"

"ಗೊತ್ತಿಲ್ದೋರಂಗ್ ಕೇಳ್ತೀಯಲ್ಲ! ಮೂಲೆ ಮನೆಯೋರು ನೂಲು ಕುದಿಸ್ತಾರಲ್ಲ, ಅಲ್ಲಿಂದ ತತ್ತೀನಿ. ನೀನ್ ಕದ್ದುಮುಚ್ಚಿ ಸುರೀತಿದ್ದೆಯಲ್ಲ, ನಮ್ ಮಾಳಿಗೆ ಮೇಲಿಂದ ನೋಡಿದ್ದೆ. ಗುಟ್ಟು ಕೇಳಿದ್ರೆ ನೀನ್ ಹೇಳ್ತಿದ್ಯಾ? ಅದ್ಕೇ ಕೇಳ್ದೇನೇ ಕಲ್ತ್ಕೊಂಡೆ."

ಮುನಿರತ್ನಮ್ಮ ಸುಮ್ಮನಿದ್ದರೆ ಆಗುತ್ತಿತ್ತು. ಕೊಂಬೆ ಕೈಗೆ ಸಿಕ್ಕಂತೆಯೇ ಆಗಿತ್ತು. ಈ ಗಿಡ ಇನ್ನೊಂದು ಬೇಸಿಗೆ ತಡೆಯುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆಮೇಲೆ ಬೀದಿಯಲ್ಲಿ ಗಂಧರಾಜ ಮತ್ತೆ ಅವಳೊಬ್ಬಳ ಮನೆಯಲ್ಲಿ. ಕಳ್ಳತನಕ್ಕೆ ತಕ್ಕ ಶಾಸ್ತಿ. ಅವಳ ಕೈಗೆ ಕೊಳೆಯೂ ಅಂಟುತ್ತಿರಲಿಲ್ಲ. ಈ ಲೆಕ್ಕವೆಲ್ಲ ಅವಳ ತಲೆಯಲ್ಲಿ ಓಡಲಿಲ್ಲವೆಂದು ಹೇಳುವುದು ಸುಳ್ಳಾಗುತ್ತದೆ. ಓಡಿತು. ಅಷ್ಟರಲ್ಲಿ ಬಕೆಟ್ಟು ಬಾಗಿತು.

ಅವಳು ಅದರ ಅಂಚು ಹಿಡಿದು ಎಳೆದಳು. ನೀರು ಇಬ್ಬರ ಸೀರೆಯ ಮೇಲೂ ಅಂಗಳದ ಮೇಲೂ ಚೆಲ್ಲಿತು.

"ಅಯ್ಯೋ, ಏನಕ್ಕ ಇದು! ನಿನ್ ಗಿಡ ಸತ್ತೋಯ್ತು ಅಂತ ನನ್ದೂ ಸಾಯ್ಬೇಕಾ? ಇಷ್ಟ್ ಹೊಟ್ಟೆಕಿಚ್ಚಾ?"

"ಬಾಯ್ ಮುಚ್ಚೇ. ನನ್ ಗಿಡ ನಿನ್ ಕಣ್ಣಿಂದ ಸಾಯ್ಲಿಲ್ಲ."

"ಊರಿಗೆಲ್ಲ ಹಂಗೇ ಸಾರಿದ್ಯಲ್ಲ?"

ಮುನಿರತ್ನಮ್ಮ ಒದ್ದೆ ನೆರಿಗೆ ಹಿಂಡಿದಳು. ಹಿಂಡುವಷ್ಟು ನೀರು ಅದರಲ್ಲಿ ಇರಲಿಲ್ಲ, ಆದರೂ ಹಿಂಡಿದಳು.

"ಈ ನೀರಿಂದ ಸತ್ತಿದ್ದು," ಎಂದಳು, ಗಿಡದ ಕಡೆ ಮುಖ ಮಾಡಿ. "ಹಾಕಿದ್ದು ನಾನೇ."

ಭಾಗ್ಯಮ್ಮ ಖಾಲಿ ಬಕೆಟ್ಟನ್ನು ಒಮ್ಮೆ ನೋಡಿದಳು, ಹಳದಿ ಎಲೆಗಳನ್ನು ಒಮ್ಮೆ ನೋಡಿದಳು. ಕೊನೆಗೆ, "ಕುಯ್ಕೊಳಕ್ಕ, ಒಂದಲ್ಲ ಎರಡ್ ಕೊಂಬೆ ಕುಯ್ಕೋ," ಎಂದಳು.

"ಈಗ್ ಕುಯ್ದ್ರೆ ಇದು ತಡ್ಕೊಳಲ್ಲ."

"ಮತ್ತೆ ನಿಂಗೆ?"

ಮುನಿರತ್ನಮ್ಮ ಒದ್ದೆ ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು, ಸೆರಗಿನ ಗಂಟು ಬಿಚ್ಚಿ, ಬ್ಲೇಡಿನ ಮೂಲೆಯಿಂದ ಗಿಡದ ಬುಡದಲ್ಲಿ ಕಟ್ಟಿದ್ದ ಸೋಡಾದ ಬಿಳಿ ಪೊರೆಯನ್ನು ಬೇರಿಗೆ ತಾಗದಂತೆ ಚೂರು ಚೂರೇ ಎಬ್ಬಿಸಿ ತೆಗೆಯತೊಡಗಿದಳು.