ಹೆಪ್ಪಿನಂತೆ ಹಂಚಿದ ಪಾಸ್‌ವರ್ಡ್

ಕೊಳ್ಳೇಗಾಲದ ನಮ್ಮ ಮನೆಯ ಮಗ್ಗದ ಕೋಣೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಸೀರೆಯ ಫೋಟೊ ಅಂಗಡಿಗೆ ಕಳಿಸಬೇಕೆಂದರೆ ನಮ್ಮ ಮನೆಯವರು ತಾರಸಿ ಹತ್ತಬೇಕಿತ್ತು. ಅದಕ್ಕೇ ವೈಫೈ ಹಾಕಿಸಿದೆವು. ಹಾಕಲು ಬಂದವನು ಪಾಸ್‌ವರ್ಡ್ ಯಾರಿಗೂ ಕೊಡಬೇಡಿ ಅಂದಿದ್ದ. ಆದರೆ ಹೆಪ್ಪು ಕೇಳಿ ಬಂದವರಿಗೆ ಇಲ್ಲ ಅನ್ನುವ ರೂಢಿ ನಮ್ಮ ಬೀದಿಯಲ್ಲಿಲ್ಲ. ಪಕ್ಕದ ಮನೆ ಅಕ್ಕ ಕೇಳಿದಾಗ ಪಾಸ್‌ವರ್ಡನ್ನೂ ಹಾಗೆಯೇ ಕೊಟ್ಟೆ. ಕೊಟ್ಟರೆ ನಮ್ಮ ಮೊಸರೇನು ಕಮ್ಮಿಯಾಗುತ್ತದೆಯೇ?

ಒಂದು ಬೆಳಗ್ಗೆ ಪೊಲೀಸಿನವರೊಬ್ಬರು ಬಂದು, ಯಾರಿಗೋ ಮೋಸ ಮಾಡಿದ ಮೆಸೇಜು ಎರಡು ತಿಂಗಳ ಹಿಂದೆ ನಮ್ಮ ಕನೆಕ್ಷನ್ನಿಂದ ಹೋಗಿದೆ ಎಂದರು. ಮಗ್ಗದ ಸದ್ದು ನಿಂತಿತು.

"ನಮ್ಮನೇಲಿ ಅಂಥೋರು ಯಾರೂ ಇಲ್ಲ ಸಾ," ಎಂದರು ನಮ್ಮ ಮನೆಯವರು.

"ಕನೆಕ್ಷನ್ ನಿಮ್ಮೆಸ್ರಲ್ಲೈತಲ್ಲ, ಸ್ಟೇಷನ್ನಿಗೆ ಬನ್ನಿ. ಪಾಸ್‌ವರ್ಡ್ ಇನ್ಯಾರಿಗೆ ಕೊಟ್ಟಿದ್ರಿ?"

"ಪಕ್ಕದ್ಮನೆ ಅಕ್ಕಂಗೆ," ಎಂದೆ ನಾನು. ಮಾತು ಕೇಳಿ ಜಗಲಿಗೆ ಬಂದಿದ್ದ ಅಕ್ಕ ಹಣೆ ಚಚ್ಚಿಕೊಂಡರು. "ಅಯ್ಯೋ, ನಾನು ನಮ್ಮ ಬಾಡಿಗೆಯೋರ್ಗೂ ಕೊಟ್ಟೆ ಕಣವ್ವ! ಅವ್ರು ಓದ ತಿಂಗ್ಳೇ ಮನೆ ಖಾಲಿ ಮಾಡ್ಕಂಡು ಓದ್ರಲ್ಲ!"

"ಎಲ್ಲಿಗೆ ಹೋದ್ರು?" ಎಂದರು ಪೊಲೀಸಿನವರು.

ಯಾರಿಗೂ ಗೊತ್ತಿರಲಿಲ್ಲ. ಹೆಪ್ಪು ಯಾವ ಮನೆಯಿಂದ ಯಾವ ಮನೆಗೆ ಹೋಯಿತೆಂದು ನಾವು ಯಾವತ್ತು ಕೇಳಿದ್ದೇವೆ? ಮನೆಯವರು ಅಂಗಿಯ ಗುಂಡಿ ಹಾಕಿಕೊಂಡು ಹೊರಟರು. "ಅವ್ರೊಬ್ರೇ ಯಾಕೋಗ್ಬೇಕು, ನಾನೂ ಬತ್ತೀನಿ," ಎಂದು ಅಕ್ಕ ಚಪ್ಪಲಿ ಮೆಟ್ಟಿದರು. ನಾನು ಒಳಗೆ ಹೋಗಿ, ಗೋಡೆಯ ಮೇಲೆ ಮಿಣುಕುತ್ತಿದ್ದ ವೈಫೈ ಡಬ್ಬಿಯ ವೈರು ಕಿತ್ತೆ.

ಸಾಯಂಕಾಲ ಇಬ್ಬರೂ ಹೇಳಿಕೆ ಕೊಟ್ಟು ವಾಪಸು ಬಂದರು. ಬಾಡಿಗೆಯವರನ್ನು ಪೊಲೀಸರು ಹುಡುಕುತ್ತಿದ್ದಾರಂತೆ. ಪಾಸ್‌ವರ್ಡ್ ಬದಲಾಯಿಸಿದೆವು. ಮಾರನೇ ದಿನ ಅಕ್ಕ ಬಟ್ಟಲು ಹಿಡಿದು ಬಂದರು. ನನ್ನ ಕಣ್ಣು ಗೋಡೆಯ ಮೇಲಿನ ವೈಫೈ ಡಬ್ಬಿಯತ್ತ ಹೋಯಿತು.

"ಹೆದ್ರುಕೋಬೇಡ ಕಣವ್ವ," ಎಂದರು ಬಾಗಿಲಲ್ಲೇ ನಿಂತು, "ಹೆಪ್ಪು ಮಾತ್ರ ಸಾಕು."