ಮನೆಯೊಳಗೆ ಏಳು ಮರ

ನಮ್ಮಕ್ಕನ ಕೆಲಸ ಏನೆಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ತಲೆಬಿಸಿ. ಇನ್ನೂ ಕಟ್ಟದ ಮನೆಯ ಫೋಟೊ ತೆಗೆಯುತ್ತಾಳೆ ಅಂದರೆ ನನ್ನನ್ನೇ ಪೆದ್ದಿ ಎನ್ನುತ್ತಾರೆ. ನಿಜ ಮಾತ್ರ ಅದೇ. ಆರ್ಕಿಟೆಕ್ಟ್ ಗೆರೆ ಎಳೆದು ಕೊಟ್ಟದ್ದನ್ನು ಅವಳು ಕಂಪ್ಯೂಟರಿನಲ್ಲಿ ಗೋಡೆ, ಗಾಜು, ಬಿಸಿಲು, ನೆರಳಿನ ಸಮೇತ ಎಬ್ಬಿಸಿ ನಿಲ್ಲಿಸುತ್ತಾಳೆ. ಹದಿನಾಲ್ಕು ವರ್ಷದಿಂದ ಅದೇ ಆಫೀಸು, ಅದೇ ಕುರ್ಚಿ.

ಮರ ಬೇಕಾದಾಗ ಉಳಿದವರು ಕಂಪ್ಯೂಟರಿನಲ್ಲೇ ಇರುವ ಸಿದ್ಧ ಮರ ತಂದು ನೆಡುತ್ತಾರೆ. ಇವಳಿಗೆ ಅದು ಆಗಿಬರುವುದಿಲ್ಲ. ನಾನು ಬಟ್ಟೆ ಹೊಲಿಯುವವಳು. ಅಕ್ಕ ನನ್ನ ಟೇಪನ್ನೇ ಎತ್ತಿಕೊಂಡು ಮನೆ ಕಟ್ಟುವ ಜಾಗಕ್ಕೆ ಹೋಗಿ, ಒಂದೊಂದು ಮರದ ಸುತ್ತಳತೆ ತೆಗೆದು, ಅದು ಎಲ್ಲಿ ನಿಂತಿದೆಯೋ ಚಿತ್ರದಲ್ಲೂ ಅಲ್ಲೇ ನಿಲ್ಲಿಸುತ್ತಾಳೆ. “ಮರಕ್ಕೆ ಅಂಗಿ ಹೊಲಿಸ್ತೀಯೇನೇ?” ಎಂದು ನಾನು ಛೇಡಿಸುತ್ತಿದ್ದೆ. ಆಫೀಸಿನಲ್ಲಿ ಅವಳಿಗೆ ‘ಮರದಮ್ಮ’ ಎಂದೇ ಹೆಸರು.

ಈ ಸಲ ಬಂದದ್ದು ಕೆಲಸದಿಂದ ನಿವೃತ್ತರಾದ ಡಾಕ್ಟರಮ್ಮನ ಮನೆ. ಕಾಡಿನ ಅಂಚಿನ ಜಾಗ. ಗಾಜಿನ ಗೋಡೆ, ಹುಲ್ಲು ಹಾಸಿದ ತಾರಸಿ, ಮನೆ ಇದೆಯೆಂದೇ ಗೊತ್ತಾಗಬಾರದು ಎಂಬ ಆಸೆ. ಒಂದು ಮರವನ್ನೂ ಮುಟ್ಟುವುದಿಲ್ಲ ಎಂದು ಆಫೀಸಿನ ಯಜಮಾನನಾದ ಆರ್ಕಿಟೆಕ್ಟ್ ಮಾತು ಕೊಟ್ಟಿದ್ದ. ಆ ಪುಣ್ಯಾತ್ಮ ಜಾಗವನ್ನೇ ಸರಿಯಾಗಿ ಅಳೆದಿರಲಿಲ್ಲ! ಅಕ್ಕ ತಾನು ಅಳೆದ ಮರಗಳನ್ನೂ ಅವನ ಮನೆಯನ್ನೂ ಒಂದೇ ಚಿತ್ರದಲ್ಲಿ ಇಟ್ಟು ನೋಡಿದರೆ ಏಳು ಮರ ಮನೆಯೊಳಗೆ. ಸೋಫಾದ ನಡುವೆ ಒಂದು, ಮಂಚದ ಮೇಲೊಂದು. ಬಚ್ಚಲಿನಲ್ಲಂತೂ ಎರಡು, ಜೋಡಿಯಾಗಿ ಸ್ನಾನಕ್ಕೆ ನಿಂತ ಹಾಗೆ.

“ಅವನ್ನ ಎತ್ತಿ ಕಿಟಕಿ ಆಚೆ ನಿಲ್ಲಿಸಮ್ಮ,” ಎಂದ ಆರ್ಕಿಟೆಕ್ಟ್. “ಚಿತ್ರದಲ್ಲಿ ಮರ ಸರಿಸೋಕೆ ಕೊಡಲಿ ಬೇಕಾ?”

“ಚಿತ್ರದಲ್ಲಿ ಬೇಡ ಸರ್. ಜಾಗದಲ್ಲಿ ಬೇಕಾಗುತ್ತೆ.”

“ನಾಳೆ ಡಾಕ್ಟರಮ್ಮ ಬರ್ತಾರೆ. ಅಷ್ಟರಲ್ಲಿ ಸರಿಯಾಗಿಲ್ಲ ಅಂದ್ರೆ ನಿನ್ನ ಕೆಲಸ ಹೋಯ್ತು ಅಂದ್ಕೋ.”

ಸಂಜೆ ನಾನು ಕೈ ಮುಗಿದೆ. “ಚಿತ್ರ ತಾನೇ, ಹಾಳಾಗ್ಲಿ, ಸರಿಸಿಬಿಡೇ ಅಕ್ಕ. ಈ ವಯಸ್ಸಲ್ಲಿ ಬೇರೆ ಕೆಲಸ ಯಾರು ಕೊಡ್ತಾರೆ?”

“ಆ ಚಿತ್ರ ನೋಡಿಯೇ ಆಯಮ್ಮ ಹೂಂ ಅನ್ನೋದು. ನಾಳೆ ಮರ ಉರುಳಿದಾಗ ಅವರನ್ನ ನಂಬಿಸಿದ್ದು ಯಾರು? ನಾನು!” ಎಂದು ನನ್ನ ಮೇಲೇ ಹರಿಹಾಯ್ದಳು. ಮೊಂಡುತನದಲ್ಲಿ ಅವಳನ್ನು ಮೀರಿಸುವವರಿಲ್ಲ. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು.

ಮರುದಿನ ಬೆಳಿಗ್ಗೆ ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು. ಆಫೀಸಿನ ದೊಡ್ಡ ಪರದೆಯ ಮೇಲೆ ಅದೇ ಚಿತ್ರ, ಮಂಚದ ಮೇಲೆ ಅದೇ ಮರ. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡರು. ಆರ್ಕಿಟೆಕ್ಟನ ಮುಖ ಕೆಂಪೇರಿತು.

“ಕಂಪ್ಯೂಟರ್ ಏನೋ ಎಡವಟ್ಟು ಮಾಡಿದೆ ಡಾಕ್ಟರೇ,” ಎಂದವನು ಅಕ್ಕನ ಕಡೆ ತಿರುಗಿ, “ಈಗಲೇ ಅಳಿಸು. ಇಲ್ಲಾ ಎದ್ದು ಹೋಗು,” ಎಂದ.

ಅಕ್ಕ ಮೌಸ್ ಹಿಡಿದಳು. ಸದ್ಯ ಎಂದು ಅವನು ಉಸಿರು ಬಿಟ್ಟ. ಒಂದು ಗುಂಡಿ ಒತ್ತಿದ್ದೇ ತಡ, ಗಾಜು, ತಾರಸಿ, ಸೋಫಾ, ಬಚ್ಚಲು ಎಲ್ಲ ಮಾಯ. ಏಳು ಮರ, ಅವುಗಳ ಬುಡದಲ್ಲಿ ಬಿಸಿಲು, ಅಷ್ಟೇ.

“ಅಳಿಸಿದೆ ಸರ್. ಅಲ್ಲಿ ಹೆಚ್ಚಿಗೆ ಇದ್ದದ್ದು ಮನೆಯೊಂದೇ.” ಚೀಲ ಹೆಗಲಿಗೇರಿಸಿ ಎದ್ದಳು.

ಡಾಕ್ಟರಮ್ಮ ಪರದೆಯ ಹತ್ತಿರ ಹೋಗಿ ನಿಂತರು. “ನಾನು ಆಸೆಪಟ್ಟು ಕೊಂಡಿದ್ದು ಇದನ್ನೇ ಅಲ್ವೇನ್ರೀ?” ಎಂದು ಆರ್ಕಿಟೆಕ್ಟನನ್ನು ಕೇಳಿದರು.

ಹನ್ನೊಂದು ಗಂಟೆಗೆಲ್ಲ ಅಕ್ಕ ಮನೆ ಬಾಗಿಲಲ್ಲಿದ್ದಳು.

“ಕೆಲಸ?”

“ಹೋಯ್ತು.”

“ಮರ?”

“ನಿಂತಿವೆ. ಬೇರೆ ಪ್ಲಾನ್ ಬರೋತನಕ ಅಲ್ಲಿ ಯಾರೂ ಕಾಲಿಡಬಾರದು ಅಂದ್ರು ಡಾಕ್ಟರಮ್ಮ,” ಎಂದು ಚಪ್ಪಲಿ ಬಿಟ್ಟಳು. “ಏನೇ ಹಾಗೆ ನೋಡ್ತೀಯ? ಹೊಟ್ಟೆ ಹಸಿದಿದೆ, ಊಟಕ್ಕೆ ಹಾಕು.”