ಹುಳದ ಮನೆಯಾಚೆಗಿನ ಕಷಾಯ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಗುಡೇಮಾರನಹಳ್ಳಿಯ ಚೆಲುವಯ್ಯ ತೋಟದ ಹೊಂಗೆ ಮರದಡಿ ಕೂತು ಹನ್ನೆರಡು ಕಾಳು ಮೆಣಸು ಕುಟ್ಟುತ್ತಿದ್ದ. ಮೂರು ಕಲ್ಲಿನ ಒಲೆಯ ಮೇಲೆ ಒಣಶುಂಠಿ, ಜೀರಿಗೆ ಹಾಕಿದ ನೀರು ಕುದಿಯುತ್ತಿತ್ತು. ಎರಡು ಲೋಟದ ನೀರು ಒಂದು ಲೋಟಕ್ಕೆ ಇಳಿಯಬೇಕು.

ಮನೆಯಲ್ಲಿ ಕಾಯಿಸುವಂತಿರಲಿಲ್ಲ. ಅಡುಗೆಕೋಣೆಯ ಪಕ್ಕದಲ್ಲೇ ರೇಷ್ಮೆಹುಳ. ಘಾಟು ತಗುಲಿದರೆ ಹುಳ ಸೊಪ್ಪು ಮುಟ್ಟುವುದಿಲ್ಲ ಎಂದು ಅವನ ಅವ್ವ ಹೇಳಿಕೊಟ್ಟಿದ್ದಳು. ಗೂಡು ಕಟ್ಟಲು ಇನ್ನು ಮೂರೇ ದಿನ.

ನೆಗಡಿಗೆ ಇದು ನಾಲ್ಕನೇ ದಿನ. ಗಂಟಲು ಸಡಿಲವಾಗಿತ್ತು, ಮೂಗು ಬಿಟ್ಟಿರಲಿಲ್ಲ. ಹುಳಕ್ಕೆ ರೋಗ ಬಂದರೆ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಒಂಟಿ ಮನುಷ್ಯ, ಆ ಮನೆಯಲ್ಲಿ ಇನ್ನೊಂದು ಮೂಗಿಲ್ಲ.

ಅರ್ಧ ಲೋಟ ಕುಡಿದ. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ.

"ಏನಯ್ಯಾ, ಮರದಡೀಲಿ ಒಲೆ ಹೂಡಿದ್ದೀಯ? ಸನ್ಯಾಸಿ ಆಗ್ಬುಟ್ಯಾ?"

ಪಕ್ಕದ ಹೊಲದ ಅಂಬುಜಮ್ಮ, ಹಾಲಿನ ಕ್ಯಾನು ಹಿಡಿದು ಬದುವಿನಾಚೆ ನಿಂತಿದ್ದಳು.

"ಮೂಗು ಕಟ್ಕೊಂಡೈತೆ ಕಣವ್ವ. ಹುಳ ನಾತ ಹೊಡೀತಾವೋ ಏನೋ, ಒಂದೂ ಗೊತ್ತಾಗ್ತಿಲ್ಲ."

"ತಟ್ಟೆ ಕಸ ಒಸಿ ತಂದು ಬದಿನ್ ಮ್ಯಾಲಿಕ್ಕು. ನನ್ ಮೂಗು ನೆಟ್ಟಗೈತೆ."

ಚೆಲುವಯ್ಯ ಕೈಕಾಲು ತೊಳೆದು ಒಳಗೆ ಹೋದ. ಹುಳದ ಹಿಕ್ಕೆ, ತಿಂದುಳಿದ ಸೊಪ್ಪು ಒಂದು ಹಿಡಿಯಷ್ಟನ್ನು ಮುತ್ತುಗದ ಎಲೆಯಲ್ಲಿ ತಂದು ಬದುವಿನ ಮೇಲಿಟ್ಟು, ಒಲೆಯ ಬಳಿಗೆ ಸರಿದು ನಿಂತ. ಅವಳು ಎರಡು ಸಲ ಮೂಸಿದಳು.

"ಹಸಿ ಸೊಪ್ಪಿನ ವಾಸ್ನೆ. ಹುಳ ಚೆಂದಾಗವೆ, ಹೋಗಿ ಸೊಪ್ಪಾಕು."

ಅವನ ಎದೆ ಹಗುರಾಯಿತು. ಅವನ ಹುಳದ ಬಗ್ಗೆ ಯಾರಾದರೂ ಮಾತಾಡಿ ಒಂದು ವರ್ಷವಾಗಿತ್ತು.

"ಬಾ, ಇನ್ನರ್ಧ ಲೋಟ ಐತೆ. ಬಿಸೀದು ಕುಡ್ದು ಹೋಗು."

"ಬ್ಯಾಡಪ್ಪ. ನಿನ್ನ ಒಲೆ ನೀ ಹಾಕಿದ್ ಗೆರೆಯೊಳಗೈತೆ. ಡೈರಿ ಮುಂದೆ ನೀನೇ ಲೆಕ್ಕ ಹೇಳಿದ್ದಲ್ಲ?"

ಕ್ಯಾನು ಸೊಂಟಕ್ಕೇರಿಸಿ ಅವಳು ನಡೆದಳು. ಚೆಲುವಯ್ಯನ ಲೋಟದ ಆವಿ ನಿಧಾನಕ್ಕೆ ನಿಂತಿತು. ಹುಳದ ಮನೆಯಿಂದ ಒಲೆಗೆ ಐವತ್ತು ಹೆಜ್ಜೆ; ಬದು ಅಲ್ಲಿಂದ ಹತ್ತು ಹೆಜ್ಜೆ ಆಚೆ. ಹೋದ ವರ್ಷ ಅಂಬುಜಮ್ಮನ ಹುಳವೆಲ್ಲ ರೋಗ ಬಂದು ಸತ್ತಾಗ, ಹಾಲು ಹಾಕಲು ನಿಂತಿದ್ದವರೆಲ್ಲರೆದುರು ಅವನೇ ಕೂಗಿದ್ದ: "ಅವಳ ಕಾಲು ನನ್ನ ಹುಳದ ಮನೇಗೆ ಸೋಕಕೂಡ್ದು. ದೂರ ಇರ್ಲಿ, ಅರವತ್ತು ಹೆಜ್ಜೆ!"